ಐದು ನಿಮಿಷದ ಮೊರೆ: ಫುಲ್ಟನ್ ಬೀದಿಯ ಮಧ್ಯಾಹ್ನದ ಪ್ರಾರ್ಥನಾ ಸಭೆ, 1857–58

1857ರ ಸೆಪ್ಟೆಂಬರ್ 23, ಬುಧವಾರ. ನ್ಯೂಯಾರ್ಕಿನ ಫುಲ್ಟನ್ ಬೀದಿಯಲ್ಲಿದ್ದ ನಾರ್ತ್ ಡಚ್ ಚರ್ಚಿನ ಮೇಲ್ಕೊಠಡಿಯಲ್ಲಿ ಜೆರೆಮಾಯ ಲ್ಯಾನ್‌ಫಿಯರ್ ಒಬ್ಬರೇ ಕಾದು ಕುಳಿತಿದ್ದರು. ಹನ್ನೆರಡರಿಂದ ಒಂದು ಗಂಟೆಯವರೆಗೆ ಪ್ರಾರ್ಥನೆ. ಐದು ನಿಮಿಷ, ಹತ್ತು ನಿಮಿಷ, ಬಿಡುವಿದ್ದಷ್ಟು ಹೊತ್ತು ಇದ್ದು ಹೋಗಬಹುದು ಎಂದು ಬಾಗಿಲಲ್ಲಿ ಫಲಕ ಹಾಕಿಸಿದ್ದರು. ಅರ್ಧ ಗಂಟೆ ಯಾರೂ ಸುಳಿಯಲಿಲ್ಲ. ಹನ್ನೆರಡೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಆ ದಿನ ಸೇರಿದವರು ಒಟ್ಟು ಆರು ಜನ.

ಲ್ಯಾನ್‌ಫಿಯರ್ ಪಾದ್ರಿಯಲ್ಲ. ವ್ಯಾಪಾರ ಬಿಟ್ಟು, ಅದೇ ಜುಲೈಯಲ್ಲಿ ಆ ಚರ್ಚಿನ ಸೇವಾಕರ್ತರಾಗಿ ನೇಮಕಗೊಂಡಿದ್ದ ಸಾಮಾನ್ಯ ವಿಶ್ವಾಸಿ. ಅವರು ಮನೆಮನೆ ತಿರುಗುತ್ತಿದ್ದ ದಿನಗಳಲ್ಲೇ ನಗರದ ಹಣಕಾಸು ಕುಸಿಯತೊಡಗಿತ್ತು. ಆಗಸ್ಟ್ 24ರಂದು ಓಹಾಯೋ ಲೈಫ್ ಇನ್ಶೂರೆನ್ಸ್ ಅಂಡ್ ಟ್ರಸ್ಟ್ ಕಂಪನಿ ಬಾಗಿಲು ಹಾಕಿತು. ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತು ನ್ಯೂಯಾರ್ಕಿಗೆ ಬರುತ್ತಿದ್ದ 'ಸೆಂಟ್ರಲ್ ಅಮೆರಿಕಾ' ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ನಾನೂರಕ್ಕೂ ಹೆಚ್ಚು ಜನ ನೀರುಪಾಲಾದರು. ಅಕ್ಟೋಬರ್ ಮಧ್ಯದ ಹೊತ್ತಿಗೆ ನಗರದ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನೇ ನಿಲ್ಲಿಸಿದವು. ಅಷ್ಟರಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಸಭೆ ಪ್ರತಿದಿನದ ಸಭೆಯಾಗಿತ್ತು.

ದಿನಾಂಕಗಳ ಈ ಕ್ರಮ ಮುಖ್ಯ. ಸಂಕಟ ಬಂದ ಮೇಲೆ ಜನ ದೇವರ ಕಡೆ ತಿರುಗಿದರು ಎಂಬ ಸರಳ ವಿವರಣೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಬ್ಯಾಂಕುಗಳು ಕೈಚೆಲ್ಲುವ ಮೊದಲೇ ಕೊಠಡಿ ತೆರೆದಿತ್ತು. ಸಂಕಟ ಅದನ್ನು ತುಂಬಿಸಿತು.

ಕಷ್ಟಕಾಲದಲ್ಲಿ ಕರುಣೆ ಬೇಡುವುದು ಕ್ರೈಸ್ತರಿಗೆ ಹೊಸದಲ್ಲ. ಲೂಕನ ಸುವಾರ್ತೆಯ ಸುಂಕದವನು ಎದೆ ಬಡಿದುಕೊಂಡು ಬೇಡುವುದೂ ಅದನ್ನೇ. ಆದರೆ ಅಮೆರಿಕದಲ್ಲಿ ಅದಕ್ಕೆ ಬಹುಕಾಲ ಅಧಿಕೃತ ರೂಪವೊಂದಿತ್ತು: ಸರ್ಕಾರ ಸಾರುವ ಉಪವಾಸದ ದಿನ. 1832ರಲ್ಲಿ ಕಾಲರಾ ಬಂದಾಗ ನಾರ್ತ್ ಡಚ್ ಚರ್ಚು ಸೇರಿದ್ದ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್ (ಆಡಳಿತ ಮಂಡಳಿ) ಅಂಥದೊಂದು ದಿನವನ್ನು ಘೋಷಿಸುವಂತೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರನ್ನು ಕೇಳಿತು. ಸಂವಿಧಾನ ತಮಗೆ ಆ ಅಧಿಕಾರ ಕೊಟ್ಟಿಲ್ಲವೆಂದು ಅವರು ಒಪ್ಪಲಿಲ್ಲ. 1849ರ ಕಾಲರಾದಲ್ಲಿ ಅಧ್ಯಕ್ಷ ಜ಼ಕರಿ ಟೇಲರ್ ಆಗಸ್ಟ್ ತಿಂಗಳ ಮೊದಲ ಶುಕ್ರವಾರವನ್ನು ಉಪವಾಸಕ್ಕೆ ಗೊತ್ತುಮಾಡಿದರು. ಎರಡೂ ಸಲ ಬೇಡುವವರು ಇಡೀ ನಾಡಿನವರು, ಒಪ್ಪಿಕೊಳ್ಳುವ ಪಾಪವೂ ಇಡೀ ನಾಡಿನದು.

ಫುಲ್ಟನ್ ಬೀದಿಯಲ್ಲಿ ಬದಲಾದದ್ದು ಇದು. ಇಲ್ಲಿ ಮೊರೆ ಚೀಟಿಯಲ್ಲಿ ಬರುತ್ತಿತ್ತು. ಹೆಸರಿಲ್ಲದ ಕೋರಿಕೆಗಳನ್ನು ಸಭೆ ನಡೆಸುವವರು ಗಟ್ಟಿಯಾಗಿ ಓದುತ್ತಿದ್ದರು. ಪರಿಚಯವೇ ಇಲ್ಲದವರೊಬ್ಬರು ಎದ್ದು ಅದಕ್ಕಾಗಿ ಪ್ರಾರ್ಥಿಸುತ್ತಿದ್ದರು. ಒಬ್ಬರಿಗೆ ಐದು ನಿಮಿಷ, ಮೀರಿದರೆ ಗಂಟೆ ಬಾರಿಸುತ್ತಿದ್ದರು. ಕನ್ನಡ ಸಭೆಗಳಲ್ಲಿ ಇಂದು 'ಪ್ರಾರ್ಥನಾ ವಿಷಯ'ಗಳನ್ನು ಹೇಳಿಕೊಳ್ಳುವ ರೂಢಿಯನ್ನು ಬಲ್ಲವರಿಗೆ ಈ ಚಿತ್ರ ಹೊರಗಿನದೆನಿಸದು. ಗುಮಾಸ್ತರು, ಅಂಗಡಿಯವರು, ದಲ್ಲಾಳಿಗಳು ಊಟದ ಬಿಡುವಿನಲ್ಲೇ ಬಂದು ಹೋಗುತ್ತಿದ್ದರು. ಪಂಗಡ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಜಾನ್ ಬೀದಿಯ ಮೆಥಡಿಸ್ಟ್ ಚರ್ಚೂ ಇಂಥ ಸಭೆಗೆ ಬಾಗಿಲು ತೆರೆಯಿತು. 1858ರ ಮಾರ್ಚಿನಲ್ಲಿ ಚೇಂಬರ್ಸ್ ಬೀದಿಯ ಬರ್ಟನ್ ನಾಟಕಮಂದಿರವೂ ಪ್ರಾರ್ಥನೆಗೆ ತುಂಬಿತು. ಹಡ್ಸನ್ ನದಿಯಾಚೆ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲೂ ಇಂಥ ಸಭೆಗಳು ನಡೆದವು. ಹೊರೇಸ್ ಗ್ರೀಲಿಯವರ 'ಟ್ರಿಬ್ಯೂನ್', ಜೇಮ್ಸ್ ಗಾರ್ಡನ್ ಬೆನೆಟ್ ಅವರ 'ಹೆರಾಲ್ಡ್' ಪತ್ರಿಕೆಗಳು ಪೈಪೋಟಿಯಿಂದ ವರದಿ ಮಾಡಿದವು.

ಆ ಕೊಠಡಿಗೆ ಮಿತಿಗಳೂ ಇದ್ದವು. ವಿವಾದದ ವಿಷಯ ಎತ್ತಕೂಡದೆಂಬ ನಿಯಮದಿಂದ ಪಂಗಡಗಳ ಜಗಳ ನಿಂತಿತು, ನಿಜ. ಆದರೆ ದೇಶವನ್ನೇ ಸೀಳುತ್ತಿದ್ದ ಗುಲಾಮಗಿರಿಯ ಪ್ರಶ್ನೆಯೂ ಬಾಗಿಲ ಹೊರಗೇ ಉಳಿಯಿತು. ಈ ಧಾರ್ಮಿಕ ಜಾಗೃತಿಗೆ ವ್ಯಾಪಾರಿ ಗಂಡಸರ ಚಳವಳಿಯೆಂಬ ರೂಪ ಬಂದುದರಲ್ಲಿ ಪತ್ರಿಕೆಗಳ ಪಾಲು ದೊಡ್ಡದೆಂದು ಇತಿಹಾಸಕಾರ್ತಿ ಕ್ಯಾಥರಿನ್ ಲಾಂಗ್ 1998ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. 1857ರ ನವೆಂಬರಿನಲ್ಲಿ ಕೆಲಸ ಕಳೆದುಕೊಂಡವರು ಟಾಂಪ್ಕಿನ್ಸ್ ಚೌಕದಲ್ಲಿ ಸೇರಿ ಕೂಲಿ, ರೊಟ್ಟಿ ಕೇಳಿದರು. ಒಂದೇ ನಗರದ ಎರಡು ಮೊರೆಗಳು, ಕಾರಣವೂ ಒಂದೇ. ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವುದು ಆ ಚಳಿಗಾಲಕ್ಕೆ ಮಾಡುವ ಅನ್ಯಾಯ.

ನಾರ್ತ್ ಡಚ್ ಚರ್ಚಿನ ಕಟ್ಟಡವನ್ನು 1875ರಲ್ಲಿ ಕೆಡವಲಾಯಿತು. ಲ್ಯಾನ್‌ಫಿಯರ್ 1898ರಲ್ಲಿ ತೀರಿಕೊಂಡರು. ಅದೇ ಫುಲ್ಟನ್ ಬೀದಿಯಲ್ಲಿ ಕೆಲವೇ ನಿಮಿಷ ನಡೆದರೆ, ಬ್ರಾಡ್‌ವೇ ಕೂಡುವಲ್ಲಿ 1766ರ ಸೇಂಟ್ ಪಾಲ್ಸ್ ಚಾಪೆಲ್ ಸಿಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಲವು ತಿಂಗಳು ಅಲ್ಲಿ ರಕ್ಷಣಾ ಕೆಲಸಗಾರರು ಉಂಡರು, ಬೆಂಚುಗಳ ಮೇಲೆ ಮಲಗಿದರು. ಅಂದಿನ ಚೀಟಿಗಳನ್ನು ನೆನಪಿಸುವಂತೆ, ಹೊರಗಿನ ಕಬ್ಬಿಣದ ಬೇಲಿಯ ತುಂಬ ಜನ ಕಾಗದಗಳನ್ನು ಕಟ್ಟಿದರು: ಕಾಣೆಯಾದವರ ಫೋಟೊಗಳು, ಕೈಬರಹದ ಪ್ರಾರ್ಥನೆಗಳು.