ಗೋಡೆಯೂ ಹಗ್ಗವೂ: ಒಪ್ಪಿಗೆಯ ಮಾತು ಕ್ಯಾಂಪಸ್ಸಿಗೆ ಬಂದ ಬಗೆ

ಮಲಾಡ್‌ನಿಂದ ಚರ್ಚ್‌ಗೇಟಿನವರೆಗೆ ಮುಂಬಯಿಯ ಲೋಕಲ್ ರೈಲಿನ ಹಾದಿಯುದ್ದಕ್ಕೂ ಕಾಲೇಜುಗಳಿವೆ. ಬೀದಿನಾಟಕವೋ ಪೋಸ್ಟರ್ ಸ್ಪರ್ಧೆಯೋ ಇಲ್ಲದ ಫೆಸ್ಟ್ ಅಲ್ಲಿ ಅಪರೂಪ. ಮಹಿಳೆಯರ ಸುರಕ್ಷತೆ ಅವಕ್ಕೆ ಹಳೆಯ ವಸ್ತು. ಲೈಂಗಿಕ ಸಂಬಂಧದಲ್ಲಿ ಒಪ್ಪಿಗೆಯ ಪ್ರಶ್ನೆ ಅಲ್ಲಿಗೆ ಬಂದದ್ದು ತಡವಾಗಿ.

ದೇಶದಲ್ಲಿ ಆ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಮಹಾರಾಷ್ಟ್ರದ ಪ್ರಕರಣವೊಂದರಿಂದ. 1972ರಲ್ಲಿ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತೆಂಬ ಪ್ರಕರಣದಲ್ಲಿ, ಮೈಮೇಲೆ ಗಾಯದ ಗುರುತಿಲ್ಲವೆಂಬುದನ್ನೂ ಕಾರಣವಾಗಿಸಿ ಸುಪ್ರೀಂ ಕೋರ್ಟ್ ಪೊಲೀಸರಿಬ್ಬರನ್ನು ಖುಲಾಸೆ ಮಾಡಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದು, ಹೆದರಿ ಮಣಿಯುವುದೇ ಬೇರೆ, ಒಪ್ಪುವುದೇ ಬೇರೆ ಎಂದು ವಾದಿಸಿದರು. 1980ರಲ್ಲಿ ಮುಂಬಯಿಯಲ್ಲಿ ಫೋರಂ ಅಗೇನ್ಸ್ಟ್ ರೇಪ್ ಹುಟ್ಟಿತು. ಪೋಸ್ಟರು, ಹಾಡು, ಬೀದಿನಾಟಕಗಳು ಚಳವಳಿಯ ಜೊತೆಗೇ ಬೆಳೆದವು. ಆದರೆ ಅಂದಿನ ನಾಟಕದಲ್ಲಿ ಆಡುವವರು ಒಂದು ಕಡೆ, ನೋಡುವವರು ಇನ್ನೊಂದು ಕಡೆ.

ಈ ಗೆರೆಯನ್ನು ಅಳಿಸಿದ ಕೆಲಸವೊಂದು ಬೆಂಗಳೂರಿನದು. 2003ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ತಮ್ಮ ಕೋರ್ಸಿನ ಪ್ರಾಜೆಕ್ಟ್ ಆಗಿ ಬ್ಲ್ಯಾಂಕ್ ನಾಯ್ಸ್ ಶುರುಮಾಡಿದರು. ಕೆಂಪು ಸಿಗ್ನಲ್ ಬಿದ್ದೊಡನೆ ಹುಡುಗಿಯರು ಜೀಬ್ರಾ ಪಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬಳ ಬಟ್ಟೆಯ ಮೇಲೂ ಹೊಳೆಯುವ ಟೇಪಿನ ಒಂದೊಂದೇ ಅಕ್ಷರ. ಕೂಡಿಸಿ ಓದಿದರೆ ‘ನನ್ನನ್ನೇಕೆ ನೋಡುತ್ತೀ?’ ಎಂಬ ಅರ್ಥದ ಇಂಗ್ಲಿಷ್ ಪ್ರಶ್ನೆ. ಹಸಿರು ಬಂತೆಂದರೆ ಸಾಲು ಚದುರಿತು. ಒಬ್ಬಳು ತಪ್ಪಿಸಿಕೊಂಡರೂ ವಾಕ್ಯ ಕೆಡುತ್ತದೆ. ಕೂಡಿ ಮಾಡುವ ಕಲೆ ಅಂದರೆ ಇದೇ. ಮುಂದೆ ಇದೇ ಗುಂಪು, ಕಿರುಕುಳವಾದಾಗ ತೊಟ್ಟಿದ್ದ ಉಡುಪನ್ನೇ ತಂದುಕೊಡಿ ಎಂದು ಹೆಂಗಸರನ್ನು ಕೇಳಿತು. ಬಂದವು ಸಾಮಾನ್ಯ ಉಡುಪುಗಳೇ. ‘ಏನು ತೊಟ್ಟಿದ್ದೆ?’ ಎಂಬ ಹಳೇ ಚುಚ್ಚುಮಾತಿಗೆ ಅದಕ್ಕಿಂತ ಖಡಕ್ ಉತ್ತರ ನಾನು ಕಂಡಿಲ್ಲ.

ಹೊರದೇಶದಲ್ಲೂ ಬಟ್ಟೆಯೇ ಭಾಷೆಯಾಗಿತ್ತು. 1990ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರ ಮಾತು ಬರೆದ 31 ಅಂಗಿಗಳನ್ನು ಹಗ್ಗದ ಮೇಲೆ ನೇತುಹಾಕಿ ಆರಂಭವಾದ ಕ್ಲೋತ್ಸ್‌ಲೈನ್ ಪ್ರಾಜೆಕ್ಟ್ ಅನೇಕ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ನಮ್ಮಲ್ಲಿ, 2015ರಲ್ಲಿ ದೆಹಲಿಯ ಜಾಮಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ಯಾನಿಟರಿ ಪ್ಯಾಡಿನ ಮೇಲೆ ಲಿಂಗಭೇದದ ವಿರುದ್ಧ ಘೋಷಣೆ ಬರೆದು ಕ್ಯಾಂಪಸ್ಸಿನಲ್ಲಿ ಅಂಟಿಸಿದರು.

ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. ಒಪ್ಪಿಗೆಯೆಂದರೆ ಸ್ವಇಚ್ಛೆಯ, ಸಂದೇಹಕ್ಕೆ ಎಡೆಯಿಲ್ಲದ ಸಮ್ಮತಿ, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಂತಲ್ಲ ಎಂದು ಅಪರಾಧ ಕಾನೂನಿನ 2013ರ ತಿದ್ದುಪಡಿ ಸ್ಪಷ್ಟಪಡಿಸಿತು. ಲೈಂಗಿಕ ಕಿರುಕುಳ ತಡೆಯುವ 2015ರ ಯುಜಿಸಿ ನಿಯಮಗಳು ಅರಿವು ಮೂಡಿಸುವುದನ್ನು ಕಾಲೇಜುಗಳ ಹೊಣೆಯಾಗಿಸಿದವು. ಅಲ್ಲಿಂದ ಕಲೆಗೆ ಅಧಿಕೃತ ಆಹ್ವಾನ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಅಲ್ಲೇ ಕೊಂಚ ಸಪ್ಪೆಯೂ ಆಯಿತು. ಪೋಸ್ಟರ್ ಸ್ಪರ್ಧೆಯಲ್ಲಿ ಒಬ್ಬೊಬ್ಬರೂ ಮೂಲೆ ಹಿಡಿದು ಬಿಡಿಸುತ್ತಾರೆ. ಮುರಿದ ಬಳೆ, ಕಣ್ಣೀರು, ಮುಷ್ಟಿ, ಕೊನೆಗೆ ಬಹುಮಾನ. ಹುಡುಗ ಹುಡುಗಿಯರು ಸೇರಿ ಒಂದೇ ಗೋಡೆಗೆ ಬಣ್ಣ ಹಚ್ಚುವಾಗ ಮಾತ್ರ ‘ಅವಳು ಸುಮ್ಮನಿದ್ದರೆ ಹೌದು ಅಂತಲ್ಲವಾ?’ ಎಂಬ ಪೆದ್ದು ಪ್ರಶ್ನೆ ನಾಚಿಕೆಯಿಲ್ಲದೆ ಹೊರಬರುತ್ತದೆ. ಅದಕ್ಕೆ ಪಕ್ಕದವಳೇ ಉತ್ತರ ಕೊಡುತ್ತಾಳೆ. ಉಪನ್ಯಾಸದಲ್ಲಿ ಆ ಪ್ರಶ್ನೆಗೆ ಬಾಯಿಯೇ ಇಲ್ಲ.

ಆದ್ದರಿಂದ ಮಲಾಡ್‌ನ ಕಾಲೇಜುಗಳಿಗೊಂದು ಅರಿಕೆ: ಈ ವರ್ಷ ಬಹುಮಾನ ಬಿಡಿ, ಒಂದು ಗೋಡೆ ಕೊಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ವಿವರ ಎದ್ದುಕಾಣುವಲ್ಲಿ ಇರಬೇಕೆಂದು ಕಾನೂನೇ ಹೇಳುತ್ತದೆ. ಸದಸ್ಯರ ಹೆಸರು, ಫೋನ್ ನಂಬರನ್ನು ಅದೇ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿ.