ಗರ್ಭಕಂಠದ ಕ್ಯಾನ್ಸರ್: ವಿಜಯನಗರ ಜಿಲ್ಲೆಯ ಬಯಲು ತಾಲ್ಲೂಕುಗಳು
ಗರ್ಭಕೋಶದ ಬಾಯಿಯಲ್ಲಿ, ಅಂದರೆ ಅದು ಯೋನಿಗೆ ತೆರೆದುಕೊಳ್ಳುವ ಕೊರಳಿನ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಹೆಚ್ಚು. 2022ರ ಅಂದಾಜಿನಂತೆ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಮಂದಿಗೆ ಈ ರೋಗ ತಗುಲಿತು. ಸತ್ತವರು 80 ಸಾವಿರದಷ್ಟು.

ರೋಗದ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ). ಲೈಂಗಿಕ ಸಂಪರ್ಕ ಹೊಂದಿದ ಬಹುತೇಕ ಎಲ್ಲರಿಗೂ ಯಾವಾಗಲಾದರೂ ಒಮ್ಮೆ ಅಂಟುವ ಸೋಂಕು ಇದು. ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಆದ್ದರಿಂದ ರೋಗಿಯ ನಡತೆಯ ಮೇಲೆ ಬೊಟ್ಟು ಮಾಡುವುದು ತಪ್ಪಷ್ಟೇ ಅಲ್ಲ, ಕ್ರೌರ್ಯ. ಕೆಲವರಲ್ಲಿ ಉಳಿದ ವೈರಸ್ ಕ್ಯಾನ್ಸರ್ ಆಗಲು 15–20 ವರ್ಷ ಹಿಡಿಯುತ್ತದೆ. ಎಚ್ಐವಿ ಇರುವವರಲ್ಲಿ ಈ ಅವಧಿ ಕುಗ್ಗುತ್ತದೆ, ಅಪಾಯ ಆರು ಪಟ್ಟು ಹೆಚ್ಚುತ್ತದೆ.

ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಮಳೆ ನಂಬಿ ಬದುಕುವ ಸೀಮೆ. ಮಳೆ ಕೈಕೊಟ್ಟರೆ ಕೂಲಿಕಾರರು ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. 1982ರಲ್ಲೇ ಕಾಯ್ದೆಯಿಂದ ನಿಷೇಧವಾದ ದೇವದಾಸಿ ಪದ್ಧತಿಯ ಗಾಯವೂ ಈ ನೆಲದಲ್ಲಿ ಪೂರ್ತಿ ಮಾಗಿಲ್ಲ. ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ಬಡತನ ಎಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ. ರೋಗದ ಸೂಚನೆಗಳಾದ ಬಿಳಿ ಸೆರಗು, ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೂ ಕಾಣುವ ರಕ್ತ ಇವನ್ನು ಹೆಂಗಸರು ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ. ಇನ್ನು ಕೆಲವರು ಪರೀಕ್ಷೆ ಮಾಡಿಸದೆಯೇ ಗರ್ಭಕೋಶ ತೆಗೆಸಿಬಿಡುತ್ತಾರೆ. ಒಳಗೆ ಕ್ಯಾನ್ಸರ್ ಇದ್ದರೆ ಮುಂದಿನ ಚಿಕಿತ್ಸೆಗೆ ಇದೇ ತೊಡಕು.

ಬದುಕುಳಿಯುವುದನ್ನು ನಿರ್ಧರಿಸುವುದು ಮುಖ್ಯವಾಗಿ ರೋಗ ಯಾವ ಹಂತದಲ್ಲಿ ಸಿಕ್ಕಿತು ಎಂಬುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆಯುತ್ತಿರುವ ಕ್ಯಾನ್ಸರ್ ನೋಂದಣಿಯ ಪ್ರಕಾರ, 1982–89ರಲ್ಲಿ ರೋಗ ಪತ್ತೆಯಾದವರ ಪೈಕಿ ಐದು ವರ್ಷ ದಾಟಿದವರು ಮೂರನೇ ಒಂದು ಭಾಗದಷ್ಟು ಮಾತ್ರ. 2012–15ರ ರೋಗಿಗಳ ಬಗ್ಗೆ ದೇಶದ 11 ನೋಂದಣಿ ಕೇಂದ್ರಗಳು ಕೊಟ್ಟ ಲೆಕ್ಕದಲ್ಲಿ ಈ ಪ್ರಮಾಣ ಶೇ. 52ರ ಸುಮಾರಿನಲ್ಲಿದೆ. ಅಹಮದಾಬಾದ್ ನಗರದಲ್ಲಿ ಶೇ. 61, ತ್ರಿಪುರಾದಲ್ಲಿ ಶೇ. 32ರ ಆಸುಪಾಸು. ರೋಗ ಒಂದೇ, ಊರು ಬೇರೆಯಾದರೆ ಬದುಕುಳಿಯುವ ಸಾಧ್ಯತೆ ಅರ್ಧ ಎನ್ನುವ ಈ ಅಂತರ ಒಪ್ಪತಕ್ಕದ್ದಲ್ಲ.

ತಪಾಸಣೆ ಸುಲಭ. ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಹತ್ತಿಯನ್ನು ಅದ್ದಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ತರಬೇತಾದ ನರ್ಸ್ ಇದನ್ನು ಮಾಡಬಲ್ಲರು. ಎಚ್‌ಪಿವಿ ಪರೀಕ್ಷೆ ಇನ್ನೂ ನಿಖರ. ನಮ್ಮ ಬಯಲುಸೀಮೆಯಂಥದೇ ಬರದ ನಾಡಾದ ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ 1.3 ಲಕ್ಷ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಹೊರಬಂತು: ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಈ ರೋಗದ ಸಾವನ್ನು ಅರ್ಧದಷ್ಟು ತಗ್ಗಿಸಿತ್ತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಕರ್ನಾಟಕದಲ್ಲಿ ಅದಕ್ಕಿಂತಲೂ ಕಡಿಮೆ.

ಆರಂಭದಲ್ಲಿ ಸಿಕ್ಕರೆ ಶಸ್ತ್ರಚಿಕಿತ್ಸೆ ಸಾಕು. ಬೆಳೆದ ಮೇಲೆ ವಾರಕ್ಕೆ ಐದು ದಿನದಂತೆ ಐದಾರು ವಾರ ವಿಕಿರಣ (ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’), ಜೊತೆಗೆ ಕಿಮೋ, ಕೊನೆಗೆ ಒಳಗಿನಿಂದ ಕೊಡುವ ವಿಕಿರಣ. ಇದೆಲ್ಲ ಎಂಟು ವಾರದೊಳಗೆ ಮುಗಿಯಬೇಕು. ಅಷ್ಟು ದಿನ ಕೂಲಿ ಬಿಟ್ಟು, ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಉಳಿಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ವೆಚ್ಚ ಭರಿಸಬಹುದು, ಆದರೆ ಕಳೆದುಹೋದ ಕೂಲಿಯನ್ನಲ್ಲ. ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಬರುವವರನ್ನು ದೂರುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

9ರಿಂದ 14 ವರ್ಷದ ಹುಡುಗಿಯರಿಗೆ ಈ ವೈರಸ್ ತಡೆಯುವ ಲಸಿಕೆ ಇದೆ. ಒಂದೇ ಡೋಸ್ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಭಾರತದ್ದೇ ಆದ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಬಂತು. ಮೂವತ್ತು ದಾಟಿದ ಪ್ರತಿ ಹೆಣ್ಣುಮಗಳೂ, ತೊಂದರೆ ಇಲ್ಲದಿದ್ದರೂ, ಐದು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಎಚ್ಐವಿ ಇರುವವರು ಇಪ್ಪತ್ತೈದಕ್ಕೇ ಶುರುಮಾಡಬೇಕು.