ದೆಹಲಿಯ ಮೊದಲ ಮೇಯರ್ ಅರುಣಾ ಆಸಫ್ ಅಲಿ

ದಕ್ಷಿಣ ದೆಹಲಿಯಲ್ಲಿ ಅರುಣಾ ಆಸಫ್ ಅಲಿ ಅವರ ಹೆಸರಿನ ರಸ್ತೆಯೊಂದಿದೆ. ನಮ್ಮಲ್ಲಿ ಅನೇಕರು ಆ ದಾರಿಯಲ್ಲಿ ಹೋಗಿಬರುವವರೇ. 1942ರ ಚಳವಳಿಯಲ್ಲಿ ಧ್ವಜ ಹಾರಿಸಿದ ಧೀರ ಮಹಿಳೆ ಎಂಬಷ್ಟು ನಮಗೆಲ್ಲ ಶಾಲೆಯ ಪಾಠದಿಂದ ಗೊತ್ತು. ಅದೇ ಮಹಿಳೆ ಹದಿನಾರು ವರ್ಷಗಳ ಮೇಲೆ ಈ ಊರಿನ ನಲ್ಲಿ, ಚರಂಡಿ, ಬೀದಿದೀಪಗಳ ಹೊಣೆ ಹೊತ್ತ ಮಹಾನಗರಪಾಲಿಕೆಗೆ ಮೊದಲ ಮೇಯರ್ ಆದರೆಂಬುದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅವರೂ ನಮ್ಮ ಹಾಗೆ ಹೊರಗಿನಿಂದ ಬಂದು ದೆಹಲಿಯವರಾದವರು. ಆದ್ದರಿಂದ ಹೊರನಾಡ ಕನ್ನಡಿಗರಾದ ನಾವು ಅವರ ಬಾಳಿನ ಈ ಭಾಗವನ್ನು ಅರಿತಿರುವುದು ಒಳ್ಳೆಯದು.

ಅರುಣಾ ಗಂಗೂಲಿ ಹುಟ್ಟಿದ್ದು 1909ರ ಜುಲೈ 16ರಂದು, ಶಿಮ್ಲಾ ಬೆಟ್ಟಗಳ ಬುಡದಲ್ಲಿರುವ ಕಾಲ್ಕಾದಲ್ಲಿ. ಮನೆಮಾತು ಬಂಗಾಳಿ, ಮನೆತನ ಬ್ರಾಹ್ಮಸಮಾಜದ್ದು. ಓದಿದ್ದು ಲಾಹೋರ್ ಮತ್ತು ನೈನಿತಾಲ್‌ಗಳಲ್ಲಿ. ಉಪಾಧ್ಯಾಯಿನಿಯಾಗಿದ್ದದ್ದು ಕಲ್ಕತ್ತೆಯ ಗೋಖಲೆ ಸ್ಮಾರಕ ಶಾಲೆಯಲ್ಲಿ. 1928ರಲ್ಲಿ ದೆಹಲಿಯ ಬ್ಯಾರಿಸ್ಟರ್, ಕಾಂಗ್ರೆಸ್ ಮುಖಂಡ ಆಸಫ್ ಅಲಿಯವರನ್ನು ಮದುವೆಯಾದರು. ಮತ ಬೇರೆ; ವಯಸ್ಸಿನಲ್ಲಿಯೂ ಇಪ್ಪತ್ತು ವರ್ಷಕ್ಕೆ ಮಿಕ್ಕ ಅಂತರ. ತವರಿನ ವಿರೋಧವನ್ನು ಎದುರಿಸಿಯೇ ಅವರು ದೆಹಲಿಯ ಸೊಸೆಯಾದರು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. ಮರುವರ್ಷ ಗಾಂಧಿ–ಇರ್ವಿನ್ ಒಪ್ಪಂದದಂತೆ ಉಳಿದ ಸತ್ಯಾಗ್ರಹಿಗಳ ಬಿಡುಗಡೆಯಾದರೂ ಅರುಣಾ ಅವರನ್ನು ಸರ್ಕಾರ ಬಿಡಲಿಲ್ಲ. ಅವರನ್ನು ಬಿಡದೆ ತಾವೂ ಹೊರಡುವುದಿಲ್ಲವೆಂದು ಜೊತೆಯ ಹೆಂಗಸರು ಜೈಲಿನಲ್ಲೇ ಕುಳಿತರು. ಕೊನೆಗೆ ಸರ್ಕಾರವೇ ಮಣಿಯಬೇಕಾಯಿತು. 1932ರಲ್ಲಿ ಮತ್ತೆ ಸೆರೆಯಾದಾಗ, ರಾಜಕೀಯ ಕೈದಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಪ್ರತಿಭಟಿಸಿ ಉಪವಾಸ ಹೂಡಿದರು. ಅದಕ್ಕೆ ಸಿಕ್ಕ ಪ್ರತಿಫಲ ಅಂಬಾಲಾ ಜೈಲಿನ ಏಕಾಂತವಾಸ.

ಮುಂದಿನದು ಎಲ್ಲರೂ ಬಲ್ಲ ಕಥೆ. 1942ರ ಆಗಸ್ಟ್ 9ರ ನಸುಕಿನಲ್ಲಿ ಮುಂಬಯಿಯಲ್ಲಿ ನಾಯಕರೆಲ್ಲ ಬಂಧಿತರಾದರು. ಆಸಫ್ ಅಲಿಯವರೂ ಅವರಲ್ಲಿ ಒಬ್ಬರು. ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಪೊಲೀಸರ ಕಾವಲಿನ ನಡುವೆಯೇ ಮೂವತ್ತಮೂರರ ಅರುಣಾ ಧ್ವಜವೇರಿಸಿದರು. ಆಮೇಲೆ ಭೂಗತರಾದರು. ಸರ್ಕಾರ ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿ ಹರಾಜು ಹಾಕಿತು. ಹಿಡಿದುಕೊಟ್ಟವರಿಗೆ 5,000 ರೂಪಾಯಿ ಬಹುಮಾನ ಸಾರಿತು. ಅವರ ದೇಹಸ್ಥಿತಿ ಕೆಟ್ಟಿದೆಯೆಂದು ತಿಳಿದ ಗಾಂಧೀಜಿ, ಅವರ ಧೈರ್ಯವನ್ನು ಮೆಚ್ಚಿ, ಇನ್ನು ಶರಣಾಗಿ ಆ ಬಹುಮಾನದ ಹಣವನ್ನು ಹರಿಜನ ಸೇವೆಗೆ ಕೊಡುವಂತೆ ಸ್ವಹಸ್ತದಿಂದ ಬರೆದರು. ಅರುಣಾ ಶರಣಾಗಲಿಲ್ಲ. 1946ರ ಜನವರಿಯಲ್ಲಿ ವಾರಂಟು ರದ್ದಾದ ಮೇಲೆಯೇ ಬಹಿರಂಗಕ್ಕೆ ಬಂದರು.

ಯಾವ ಪಕ್ಷವೂ ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1936ರಲ್ಲಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಸಮಾಜವಾದಿ ಪಕ್ಷದಲ್ಲಿ ಇವರೂ ದುಡಿದರು. 1948ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟರು. ಮುಂದೆ ಕಮ್ಯುನಿಸ್ಟ್ ಪಕ್ಷ ಸೇರಿ, 1956ರಲ್ಲಿ ಅದನ್ನೂ ತೊರೆದರು. 1953ರಲ್ಲಿ ಪತಿ ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡಿದ್ದರು.

ಅಷ್ಟರಲ್ಲಿ ದೆಹಲಿಯ ಚಹರೆಯೇ ಬದಲಾಗಿತ್ತು. 1941ರಲ್ಲಿ ಸುಮಾರು 9 ಲಕ್ಷವಿದ್ದ ಜನಸಂಖ್ಯೆ ದೇಶವಿಭಜನೆಯ ನಿರಾಶ್ರಿತರು ಬಂದು 1951ಕ್ಕೆ 17 ಲಕ್ಷ ದಾಟಿತು. ಮನೆ, ನೀರು, ಚರಂಡಿ ಯಾವುದೂ ಸಾಲದಾಯಿತು. 1955ರ ಕೊನೆಯಲ್ಲಿ ಕೊಳಚೆನೀರು ಯಮುನೆಯಲ್ಲಿ ಕುಡಿಯುವ ನೀರೆತ್ತುವ ಜಾಗಕ್ಕೇ ನುಗ್ಗಿ, ಸುಮಾರು 29,000 ಮಂದಿ ಕಾಮಾಲೆಗೆ ತುತ್ತಾದರು. ಇತ್ತ 1952ರಲ್ಲಿ ಬಂದಿದ್ದ ದೆಹಲಿ ವಿಧಾನಸಭೆ 1956ರಲ್ಲಿ ರದ್ದಾಯಿತು. ಇಂಥ ಹೊತ್ತಿನಲ್ಲಿ, ಸಂಸತ್ತಿನ 1957ರ ಕಾಯಿದೆಯಂತೆ, 1958ರ ಏಪ್ರಿಲ್ 7ರಂದು ದೆಹಲಿ ಮಹಾನಗರಪಾಲಿಕೆ ಅಸ್ತಿತ್ವಕ್ಕೆ ಬಂತು. ನೀರು, ವಿದ್ಯುತ್ತು, ಬಸ್ಸು ಮೂರೂ ಅದರ ಕೈಗೆ ಬಂದವು. ಯಾವ ಪಕ್ಷಕ್ಕೂ ಪೂರ್ಣ ಬಹುಮತವಿಲ್ಲದ ಆ ಸಭೆ ಅರುಣಾ ಆಸಫ್ ಅಲಿಯವರನ್ನು ಮೇಯರ್ ಆಗಿ ಆರಿಸಿತು. ಮುಂಬಯಿಗೆ 1956ರಲ್ಲಿ ಸುಲೋಚನಾ ಮೋದಿ, ಮದರಾಸಿಗೆ 1957ರಲ್ಲಿ ತಾರಾ ಚೆರಿಯನ್ ಮೊದಲ ಮಹಿಳಾ ಮೇಯರ್ ಆಗಿದ್ದರು. ದೆಹಲಿಯಲ್ಲಾದರೋ ಮೊತ್ತಮೊದಲ ಮೇಯರೇ ಮಹಿಳೆ.

ಹುದ್ದೆ ದೊಡ್ಡದು, ಅಧಿಕಾರ ಕಿರಿದು. ಕಾಯಿದೆಯಂತೆ ಕಾರ್ಯಾಂಗದ ಅಧಿಕಾರವೆಲ್ಲ ಕೇಂದ್ರ ಸರ್ಕಾರ ನೇಮಿಸುವ ಕಮಿಷನರ್ ಅವರದು. ಮೇಯರ್ ಅವರ ಅವಧಿ ಒಂದೇ ವರ್ಷ. ಮತ್ತೆ ಮತ್ತೆ ಚುನಾವಣೆ. ಚಾಂದನಿ ಚೌಕದ ಟೌನ್ ಹಾಲ್‌ನಲ್ಲಿ ಸಭೆ ನಡೆಸುವುದು, ಪಾಲಿಕೆಯ ಯಾವುದೇ ಕಡತವನ್ನು ತರಿಸಿ ನೋಡುವುದು, ಕಮಿಷನರರಿಂದ ವರದಿ ಕೇಳುವುದು ಇವೇ ಅವರ ಕೈಲಿದ್ದ ಸಾಧನಗಳು. ಮಂತ್ರಿಗಳೂ ಹಿರಿಯ ಅಧಿಕಾರಿಗಳೂ ವಾಸಿಸುವ ಹೊಸದೆಹಲಿಯಂತೂ ಪಾಲಿಕೆಯ ವ್ಯಾಪ್ತಿಗೇ ಸೇರಿರಲಿಲ್ಲ. ಸರ್ಕಾರವನ್ನೇ ಧಿಕ್ಕರಿಸಿದ ಹೆಣ್ಣುಮಗಳು ಅಂಥ ಕುರ್ಚಿಯನ್ನು ಏಕೆ ಒಪ್ಪಬೇಕಿತ್ತು ಎಂದು ಯಾರಾದರೂ ಕೇಳಬಹುದು. ನಮಗೆ ತೋರುವುದಿಷ್ಟು: ಸ್ವರಾಜ್ಯ ಬಂದ ಮೇಲೂ ಹಳೆಯ ದೆಹಲಿಯ ಗಲ್ಲಿಯ ಕೊಡದಲ್ಲಿ ಕೊಳಚೆನೀರೇ ತುಂಬುವುದಾದರೆ, ಅಂದು ಧ್ವಜವೇರಿಸಿದವರ ಕೆಲಸ ಮುಗಿದಿರಲಿಲ್ಲ.

ಆ ಪದವಿಗೆ ಅವರು ಅಂಟಿಕೊಳ್ಳಲೂ ಇಲ್ಲ. ಮಂತ್ರಿಗಿರಿಯ ಹಾದಿ ಹಿಡಿಯದೆ ಪತ್ರಿಕೋದ್ಯಮಕ್ಕೆ ತಿರುಗಿ, ‘ಲಿಂಕ್’ ವಾರಪತ್ರಿಕೆ ಮತ್ತು ‘ಪೇಟ್ರಿಯಟ್’ ದಿನಪತ್ರಿಕೆಗಳನ್ನು ಕಟ್ಟುವುದರಲ್ಲಿ ತೊಡಗಿದರು. 1992ರಲ್ಲಿ ಪದ್ಮವಿಭೂಷಣ ಬಂತು. 1996ರ ಜುಲೈ 29ರಂದು ದೆಹಲಿಯಲ್ಲೇ ಕಣ್ಮುಚ್ಚಿದರು. ಮರುವರ್ಷ ಮರಣೋತ್ತರವಾಗಿ ಭಾರತರತ್ನ ಸಂದಿತು.

ಇಂದಿನ ಕಾಯಿದೆಯಲ್ಲಿ ದೆಹಲಿ ಪಾಲಿಕೆಯ ಐದು ವರ್ಷಗಳ ಅವಧಿಯ ಮೊದಲ ವರ್ಷದ ಮೇಯರ್ ಸ್ಥಾನ ಮಹಿಳೆಗೇ ಮೀಸಲು. ಅರುಣಾ ಆ ಸ್ಥಾನಕ್ಕೆ ಬಂದಾಗ ಅಂಥ ಮೀಸಲಾತಿ ಇರಲಿಲ್ಲ. ಕಾಲ್ಕಾದಲ್ಲಿ ಹುಟ್ಟಿದ ಬಂಗಾಳಿ ಹೆಣ್ಣುಮಗಳು ದೆಹಲಿಯ ಪ್ರಥಮ ಪ್ರಜೆಯಾಗುವುದಕ್ಕೆ ಭಾಷೆಯೂ ಅಡ್ಡ ಬರಲಿಲ್ಲ. ನಾವಾದರೋ ವರ್ಷಾನುಗಟ್ಟಲೆ ಇಲ್ಲಿಯ ನೀರು ಕುಡಿದು, ಇಲ್ಲಿಯ ತೆರಿಗೆ ಕಟ್ಟಿಯೂ ಪಾಲಿಕೆಯ ಚುನಾವಣೆ ಬಂದಾಗ ಅದು ‘ಇಲ್ಲಿಯವರ’ ವ್ಯವಹಾರವೆಂದು ಮನೆಯಲ್ಲೇ ಉಳಿಯುತ್ತೇವೆ. ಧಾರವಾಡದ ಅಥವಾ ಮೈಸೂರಿನ ಪಾಲಿಕೆಯ ಸುದ್ದಿಯನ್ನು ಮಾತ್ರ ಬಿಡದೆ ಓದುತ್ತೇವೆ. ಊರಿನ ಮೇಲಿನ ಆ ಮಮತೆ ಇರಲಿ. ಜೊತೆಗೆ, ಮುಂದಿನ ಚುನಾವಣೆಗೆ ಮೊದಲು ಇಲ್ಲಿಯ ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರೂ ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರೂ ಇವೆಯೇ ಎಂದು ಒಮ್ಮೆ ನೋಡಿಕೊಳ್ಳೋಣ.